ಪಹ್ಲವರ ಬಾಣ, ಮುಚಿರಿಯ ಮೆಣಸು

ರೋಮನರ ವೈರಿಗಳಾರೆಂದು ಕೇಳಿದರೆ, ಶಾಲೆಯ ಇತಿಹಾಸ ಪುಸ್ತಕವನ್ನು ಓದಿ ಬಂದ ನಮ್ಮಲ್ಲಿ ಬಹುಮಂದಿಗೆ ಮೊದಲು ಸ್ಮರಣೆಗೆ ಬರುವುದು ಕಾರ್ಥೇಜ್ ನಗರವೂ, ಆನೆಗಳ ಹಿಂಡಿನೊಡನೆ ಆಲ್ಪ್ಸ್ ಪರ್ವತಗಳನ್ನು ದಾಟಿ ಬಂದ ಅದರ ಸೇನಾನಿ ಹ್ಯಾನಿಬಾಲನೂ. ಆ ಕಲಹವಾದರೋ ಕ್ರಿ.ಪೂ. 264ರಲ್ಲಿ ಮೊದಲಾಗಿ, ಮೂರು ಮಹಾಯುದ್ಧಗಳನ್ನು ಕಂಡು, ಕ್ರಿ.ಪೂ. 146ರಲ್ಲಿ ಕಾರ್ಥೇಜ್ ಭಸ್ಮವಾಗುವುದರೊಡನೆ ಪರಿಸಮಾಪ್ತವಾಯಿತು. ಪೂರ್ಣವಾಗಿ ಗೆಲ್ಲಲೂ ಆರದೆ, ಸೋತೆನೆಂದು ಒಪ್ಪಿಕೊಳ್ಳಲೂ ಆರದೆ, ರೋಮ್ ತಲೆಮಾರಿನಿಂದ ತಲೆಮಾರಿಗೆ ಪಿತ್ರಾರ್ಜಿತ ವ್ಯಾಜ್ಯದಂತೆ ಹೊತ್ತು ತಂದ ವೈರ ಬೇರೊಂದಿದೆ. ಅದು ಯೂಫ್ರಟೀಸ್ ನದಿಯ ಆಚೆಯ ದಡದವರೊಡನೆ, ಗ್ರೀಕರು ಪಾರ್ಥಿಯನ್ನರೆಂದೂ ನಮ್ಮ ಪುರಾಣೇತಿಹಾಸಗಳು ಪಹ್ಲವರೆಂದೂ ಕರೆದ ಅಶ್ವಾರೋಹಿಗಳೊಡನೆ, ಬಳಿಕ ಅವರ ಸಿಂಹಾಸನವನ್ನು ಕಿತ್ತುಕೊಂಡ ಸಸ್ಸಾನಿ ಅರಸರೊಡನೆ, ಕ್ರಿ.ಪೂ. 54ರಿಂದ ಕ್ರಿ.ಶ. 628ರ ಪರ್ಯಂತ, ನಡುನಡುವೆ ದೀರ್ಘ ವಿರಾಮಗಳಿದ್ದರೂ ಮುಗಿಯಿತೆಂದು ಯಾರೂ ಹೇಳಲಾರದಂತೆ ನಡೆದುದು.

ಆ ಯುದ್ಧದ ಒಂದು ಬಾಣವೂ ನಮ್ಮ ನೆಲದ ಮೇಲೆ ಬೀಳಲಿಲ್ಲ. ಹಾಗಿದ್ದೂ ತಿರುವನಂತಪುರದ ಉಳ್ಳೂರಿನಲ್ಲಿ ಕುಳಿತು ಅದನ್ನು ಕುರಿತು ಬರೆಯುವುದಕ್ಕೆ ನನಗೆ ಸಂಕೋಚವಿಲ್ಲ. ನಾನಿರುವ ಮನೆಯ ಹಿತ್ತಿಲಲ್ಲಿ ಹಲಸಿನ ಮರವನ್ನು ತಬ್ಬಿಕೊಂಡು ಏರಿರುವ ಮೆಣಸಿನ ಬಳ್ಳಿಯೇ ಅದಕ್ಕೆ ನನ್ನ ಅಧಿಕಾರಪತ್ರ. ಉಳ್ಳೂರೆಂದರೆ ಮಲಯಾಳಿಗಳಿಗೆ ಊರಿಗಿಂತ ಮೊದಲು ನೆನಪಾಗುವುದು ಆ ಹೆಸರನ್ನೇ ಹೊತ್ತ ಮಹಾಕವಿ, ಕೇರಳ ಸಾಹಿತ್ಯದ ಬೃಹಚ್ಚರಿತ್ರೆಯನ್ನು ಬರೆದಿಟ್ಟ ಪರಮೇಶ್ವರ ಅಯ್ಯರ್. ನನಗೆ ಮಾತ್ರ, ಕನ್ನಡ ಕರಾವಳಿಯಿಂದ ಬಂದವನಾದುದರಿಂದ, ಇಲ್ಲಿಯವರು ಈ ಕಾಳನ್ನು 'ನಲ್ಲಮುಳಕು' ಎಂದು ಕರೆಯುವುದನ್ನು ಕೇಳಿದ ದಿನವೇ ಊರು ತನ್ನದೆನಿಸಿತು. ನಮ್ಮ ಕಡೆ ಅದು 'ಒಳ್ಳೆಮೆಣಸು', ತುಳುವರಲ್ಲಿ 'ಎಡ್ಡೆ ಮುಂಚಿ'. ಪೋರ್ಚುಗೀಸರ ಕಾಲದಲ್ಲಿ ಕಡಲಾಚೆಯಿಂದ ಬಂದ ಹಸಿಮೆಣಸಿನಕಾಯಿ ಹೆಸರನ್ನು ಪಾಲು ಕೇಳಿದಾಗ, ಮೂರು ಭಾಷೆಯವರೂ ಒಂದೇ ಮನಸ್ಸಿನಿಂದ ಹಳೆಯದನ್ನು 'ಒಳ್ಳೆಯದು' ಎಂದು ಬೇರ್ಪಡಿಸಿ ಇರಿಸಿಕೊಂಡರು. ಸಂಸ್ಕೃತ ನಿಘಂಟುಗಳಲ್ಲಿ ಇದಕ್ಕೆ ಇನ್ನೊಂದು ಹೆಸರುಂಟು: ಯವನಪ್ರಿಯ.

ಯವನರಿಗೆ, ಎಂದರೆ ಗ್ರೀಕ್-ರೋಮನರಿಗೆ, ಪ್ರಿಯವಾದ ಈ ಕಾಳು ಪಹ್ಲವರ ಬಾಣಗಳ ಕಥೆಗೆ ಹೇಗೆ ಹೊಂದುವುದೆಂಬುದನ್ನು ತಿಳಿಯಬೇಕಾದರೆ ಮೊದಲು ಮೆಸಪೊಟೇಮಿಯದ ಕಾರೆ ಎಂಬ ಊರಿನ ಮರಳಿಗೆ ಹೋಗಬೇಕು. ಅದು ಈಗಿನ ತುರ್ಕಿಯ ಹರಾನ್.

ಕ್ರಿ.ಪೂ. 60ರಲ್ಲಿ ರೋಮಿನ ಅಧಿಕಾರವನ್ನು ತಮ್ಮ ತಮ್ಮಲ್ಲೇ ಹಂಚಿಕೊಂಡ ಮೂವರ ಪೈಕಿ ಪಾಂಪೆಗೂ ಸೀಸರನಿಗೂ ವಿಜಯಗಳಿದ್ದುವು. ಮೂರನೆಯವನಾದ ಮಾರ್ಕಸ್ ಲಿಸಿನಿಯಸ್ ಕ್ರಾಸಸನಿಗೆ ಇದ್ದುದು ಹಣ. ರೋಮಿನಲ್ಲೇ ಅತಿಶಯ ಧನಿಕನೆನಿಸಿಕೊಂಡಿದ್ದ ಆತನಿಗೆ ಅರವತ್ತು ದಾಟಿದ ಮೇಲೆ ಯಶೋದಾಹ ಹತ್ತಿತು. ಸಿರಿಯಾ ಪ್ರಾಂತ ಪಾಲಿಗೆ ಬಂದೊಡನೆಯೇ, ಪಾರ್ಥಿಯದವರಿಂದ ಯಾವ ಪ್ರಚೋದನೆಯೂ ಇಲ್ಲದಿದ್ದರೂ, ಸೆನೆಟ್ಟಿನ ಸ್ಪಷ್ಟ ಅನುಮತಿ ಇಲ್ಲದೆಯೇ, ಲೀಜನ್ ಎಂಬ ಏಳು ಸೇನಾದಳಗಳನ್ನು ಕೂಡಿಸಿಕೊಂಡು ಹೊರಟನು. ನಗರದ ಬಾಗಿಲಿನಲ್ಲಿ ಜನಪ್ರತಿನಿಧಿಯೊಬ್ಬನು ಧೂಪವನ್ನು ಉರಿಸಿ, ಹೆಸರು ಹೇಳಲಂಜುವ ಪ್ರಾಚೀನ ದೇವತೆಗಳನ್ನು ಆವಾಹಿಸಿ ಶಪಿಸಿದನೆಂದು ಪ್ಲೂಟಾರ್ಕ್ ಬರೆದಿರುವನು. ಶಾಪ ಬೇಕಾಗಿತ್ತೆಂದು ನನಗೆ ತೋರುವುದಿಲ್ಲ. ಅರ್ಮೇನಿಯದ ಅರಸ ಆರ್ತವಾಸ್ದೀಸನು ತನ್ನ ಗುಡ್ಡಗಾಡಿನ ಹಾದಿಯಲ್ಲಿ ಬಾ, ಅಲ್ಲಿ ಅವರ ಕುದುರೆ ನಡೆಯದು ಎಂದು ಕರೆದದ್ದನ್ನು ತಳ್ಳಿಹಾಕಿ, ನೆರಳಿಲ್ಲದ ಬಯಲನ್ನು ಆರಿಸಿಕೊಂಡ ಬುದ್ಧಿಯೇ ಸಾಕಾಗಿತ್ತು.

ಪಾರ್ಥಿಯದ ದೊರೆ ಎರಡನೆಯ ಒರೋಡೀಸನು ಅರ್ಮೇನಿಯದ ಮೇಲೆ ತಾನೇ ನಡೆದು, ರೋಮನರನ್ನು ಎದುರಿಸುವ ಹೊಣೆಯನ್ನು ಸುರೇನನೆಂಬ ಸಾಮಂತನಿಗೆ ಒಪ್ಪಿಸಿದನು. ಮೂವತ್ತು ವರ್ಷವೂ ತುಂಬದ, ಮುಖಕ್ಕೆ ಬಣ್ಣ ಬಳಿದುಕೊಳ್ಳುವ ಈ ಸುಕುಮಾರ ತರುಣನ ಬಳಿ ಇದ್ದುದು ಸುಮಾರು ಹತ್ತು ಸಾವಿರ ಕುದುರೆಗಳ ಸೈನ್ಯ. ಎದುರಿಗೆ ನಾಲ್ವತ್ತು ಸಾವಿರಕ್ಕೆ ಸಮೀಪದ ರೋಮನ್ ಪಡೆ. ಆದರೆ ಅವನ ಹಿಂದೆ ಸಾವಿರ ಒಂಟೆಗಳು ಬಾಣಗಳ ಹೊರೆಗಳನ್ನು ಹೊತ್ತು ನಿಂತಿದ್ದುವು. ಕ್ರಿ.ಪೂ. 53ರ ಆ ಬೇಸಗೆಯ ದಿನ, ಘಂಟೆ ಕಟ್ಟಿದ ಚರ್ಮದ ನಗಾರಿಗಳು ದಿಕ್ಕುದಿಕ್ಕಿನಿಂದ ಮೊಳಗಿ, ತೊಗಲಿನ ಹೊದಿಕೆಗಳನ್ನು ಕಳಚಿ ಎಸೆದ ಉಕ್ಕಿನ ಸವಾರರು ಒಮ್ಮೆಲೇ ಬಿಸಿಲಿನಲ್ಲಿ ಥಳಥಳಿಸಿದರು. ರೋಮನರು ಚೌಕವಾಗಿ ನಿಂತರು. ಬತ್ತಳಿಕೆ ಎಷ್ಟು ಹೊತ್ತು ತುಂಬಿದ್ದೀತು, ಮುಗಿದ ಮೇಲೆ ಕೈಕೈ ಮಿಲಾಯಿಸಿಯೇ ತೀರಬೇಕಲ್ಲವೆ ಎಂಬ ಲೆಕ್ಕದಲ್ಲಿ ಅವರು ಗುರಾಣಿಗಳ ಹಿಂದೆ ಸಹಿಸಿಕೊಂಡು ನಿಂತಿದ್ದಂತೆ, ಖಾಲಿಯಾದ ಸವಾರ ಒಂಟೆಯ ಬಳಿಗೆ ಹೋಗಿ ತುಂಬಿಸಿಕೊಂಡು ಮರಳುವುದನ್ನು ಕಂಡರು. ಯುದ್ಧದ ಭವಿಷ್ಯ ನಿರ್ಣಯವಾದುದು ಶೌರ್ಯದಿಂದಲ್ಲ, ಸರಬರಾಯಿಯಿಂದ.

ಕ್ರಾಸಸನ ಮಗ ಪಬ್ಲಿಯಸ್, ಗಾಲ್ ದೇಶದಲ್ಲಿ ಸೀಸರನ ಕೈಕೆಳಗೆ ಪಳಗಿದ ಯುವಕ, ತನ್ನ ಸವಾರರೊಡನೆ ಮುನ್ನುಗ್ಗಿದನು. ಪಾರ್ಥಿಯನ್ನರು ಓಡಿದರು, ಓಡುತ್ತಲೇ ಹಿಂದಿರುಗಿ ಬಾಣ ಬಿಟ್ಟರು, ಸಾಕಷ್ಟು ದೂರ ಸೆಳೆದ ಬಳಿಕ ಸುತ್ತುಗಟ್ಟಿದರು. ಅವನ ತಲೆ ಭಲ್ಲೆಯ ತುದಿಯಲ್ಲಿ ತಂದೆಯ ಸೇನೆಯ ಮುಂದೆ ಮೆರೆಯಿತು. ಮರುದಿನಗಳಲ್ಲಿ ಸಂಧಿಯ ಮಾತಿಗೆಂದು ಕರೆಸಿಕೊಂಡ ಸ್ಥಳದ ತಳ್ಳಾಟದಲ್ಲಿ ಕ್ರಾಸಸನೂ ಹತನಾದನು. ಇಪ್ಪತ್ತು ಸಾವಿರ ಮಂದಿ ಮಡಿದರು, ಹತ್ತು ಸಾವಿರ ಮಂದಿ ಸೆರೆಯಾದರು ಎಂಬುದು ಪ್ಲೂಟಾರ್ಕನ ಲೆಕ್ಕ. ಸೆರೆಯಾಳುಗಳನ್ನು ಮಧ್ಯ ಏಷ್ಯದ ಮಾರ್ಗಿಯಾನಕ್ಕೆ, ಎಂದರೆ ಮರ್ವ್ ಪ್ರದೇಶಕ್ಕೆ ಸಾಗಿಸಿದರು. ಲೀಜನ್‌ಗಳ ಗರುಡಧ್ವಜಗಳು ವೈರಿಯ ಕೈಸೇರಿದುವು. ಗೆದ್ದ ಸುರೇನನಿಗಾದರೂ ಸುಖವಾಯಿತೆ? ಅವನ ಕೀರ್ತಿಯನ್ನು ಸಹಿಸದ ಒರೋಡೀಸನೇ ಕೆಲವು ಕಾಲದಲ್ಲಿ ಅವನನ್ನು ಕೊಲ್ಲಿಸಿದನು.

ಕ್ರಾಸಸನ ತಲೆ ಅರ್ಮೇನಿಯದ ಅರಮನೆಯನ್ನು ಮುಟ್ಟಿದ ಪ್ರಸಂಗವನ್ನು ಇಲ್ಲಿ ಬಿಡುವಂತಿಲ್ಲ, ಅದರ ಪ್ರತಿಧ್ವನಿಯನ್ನು ನಮ್ಮ ಕರಾವಳಿಯಲ್ಲಿ ಮುಂದೆ ಕೇಳಲಿಕ್ಕಿದೆ. ಅಷ್ಟರಲ್ಲಿ ಒರೋಡೀಸ್, ಆರ್ತವಾಸ್ದೀಸರಿಬ್ಬರೂ ಸಖ್ಯ ಬೆಳೆಸಿ, ವಿವಾಹಸಂಬಂಧದ ಔತಣದಲ್ಲಿ ಗ್ರೀಕ್ ನಾಟಕವನ್ನು ನೋಡುತ್ತ ಕುಳಿತಿದ್ದರಂತೆ. ಯೂರಿಪಿಡೀಸನ 'ಬಾಕೇ' ನಾಟಕದಲ್ಲಿ, ತಾಯಿಯೊಬ್ಬಳು ಉನ್ಮಾದದಲ್ಲಿ ಸ್ವಂತ ಮಗನ ತಲೆಯನ್ನೇ ಬೇಟೆಯ ತಲೆಯೆಂದು ಎತ್ತಿ ತರುವ ದೃಶ್ಯಕ್ಕೆ, ಟ್ರಾಲಿಸ್ ಊರಿನ ನಟ ಜೇಸನನು ಕ್ರಾಸಸನ ತಲೆಯನ್ನೇ ಹಿಡಿದು ಹಾಡಿದನು.

ಈ ಪರಾಭವದಲ್ಲಿ ರೋಮನರ ಕಣ್ಣಿಗೆ ಕುಕ್ಕಿದ ವಸ್ತು ಇನ್ನೊಂದು: ಬಂಗಾರದ ಕೆಲಸದ ರೇಷ್ಮೆಯ ಪತಾಕೆಗಳು. ಫ್ಲೋರಸನೆಂಬ ಇತಿಹಾಸಕಾರನು ಅವನ್ನು ಉಲ್ಲೇಖಿಸಿದ್ದಾನೆ. ಚೀನಾಂಶುಕವು ಪಶ್ಚಿಮಕ್ಕೆ ಬರಬೇಕಾದರೆ ಪಹ್ಲವರ ನೆಲವನ್ನು ಹಾಯ್ದೇ ಬರಬೇಕಾಗಿತ್ತು, ಹಾಯುವಾಗ ಅವರ ಸುಂಕವನ್ನು ತೆರಲೇಬೇಕಾಗಿತ್ತು. ಇದು ಕೇವಲ ರೋಮನರ ಗೊಣಗಾಟವಲ್ಲ. ಹಾನ್ ವಂಶದ ಚೀನೀ ಚರಿತ್ರೆಯೂ ಅದನ್ನೇ ಹೇಳುವುದು. ಕ್ರಿ.ಶ. 97ರಲ್ಲಿ ರೋಮಿಗೆಂದು ಹೊರಟ ಚೀನೀ ರಾಯಭಾರಿ ಗಾನ್ ಯಿಂಗನನ್ನು, ಕಡಲಿನ ದೂರವನ್ನೂ ಭಯವನ್ನೂ ವರ್ಣಿಸಿ ಪಾರ್ಥಿಯದ ನಾವಿಕರು ಹಿಂದಕ್ಕೆ ಕಳುಹಿಸಿದರು. ದಲ್ಲಾಳಿ ಎಂದಾದರೂ ಮಾರುವವನನ್ನೂ ಕೊಳ್ಳುವವನನ್ನೂ ಮುಖಾಮುಖಿ ಕೂರಿಸಿದ್ದುಂಟೆ?

ಸೀಸರನು ಸೇಡು ತೀರಿಸಲು ಸಿದ್ಧನಾಗುತ್ತಿರುವಾಗಲೇ ಕ್ರಿ.ಪೂ. 44ರಲ್ಲಿ ಕೊಲೆಯಾದನು. ಆಂಟನಿ ಕ್ರಿ.ಪೂ. 36ರಲ್ಲಿ ಹೋಗಿ ಸೈನ್ಯವನ್ನು ಕಳೆದುಕೊಂಡು ಬಂದನು. ಜಾಣನಾದವನು ಆಗಸ್ಟಸ್, ಕ್ರಿ.ಪೂ. 20ರಲ್ಲಿ ಕತ್ತಿ ಎತ್ತದೆಯೇ, ನಾಲ್ಕನೆಯ ಫ್ರಾಟೀಸನೊಡನೆ ಮಾತುಕತೆಯಿಂದಲೇ ಗರುಡಧ್ವಜಗಳನ್ನು ಹಿಂದಕ್ಕೆ ಪಡೆದು, ಅದನ್ನೇ ಮಹಾವಿಜಯವೆಂದು ನಾಣ್ಯಗಳ ಮೇಲೆ ಮುದ್ರಿಸಿದನು. ಅದಕ್ಕೂ ಹತ್ತು ವರ್ಷ ಮೊದಲೇ ಈಜಿಪ್ಟ್ ಅವನ ವಶವಾಗಿತ್ತು, ಈಜಿಪ್ಟಿನೊಡನೆ ಕೆಂಪು ಸಮುದ್ರದ ರೇವುಗಳೂ. ಟಾಲೆಮಿ ಅರಸರ ಕಾಲದಲ್ಲಿ ಬೆರಳೆಣಿಕೆಯಷ್ಟು ಹಡಗುಗಳು ಮಾತ್ರ ಭಾರತಕ್ಕೆ ಧೈರ್ಯ ಮಾಡುತ್ತಿದ್ದ ಕಡೆ, ಈಗ ಮಯೋಸ್ ಹೊರ್ಮೋಸ್ ಬಂದರೊಂದರಿಂದಲೇ ವರ್ಷಕ್ಕೆ 120 ಹಡಗುಗಳು ಹೊರಡುತ್ತಿವೆಯೆಂದು ಸ್ಟ್ರಾಬೊ ಬರೆದನು. ಪಹ್ಲವರ ಉಪಟಳ ತಾಳಲಾರದೆ ರೋಮನರು ಕಡಲಿಗೆ ಇಳಿದರೆಂದು ಕೆಲವರು ಸರಳವಾಗಿ ಹೇಳುವುದುಂಟು. ಅಷ್ಟು ಸರಳವಾಗಿ ಹೇಳಲು ನನಗೆ ಮನಸ್ಸು ಬಾರದು. ಮುಂಗಾರಿನ ಗಾಳಿಯ ಗುಟ್ಟು ಅರಬರಿಗೂ ನಮ್ಮವರಿಗೂ ಮೊದಲೇ ತಿಳಿದಿತ್ತು, ಗ್ರೀಕರು ತಡವಾಗಿ ಕಲಿತು ಅದಕ್ಕೆ ಹಿಪ್ಪಾಲಸನ ಹೆಸರಿಟ್ಟುಕೊಂಡರು. ಆದರೆ ಭೂಮಾರ್ಗದ ನಡುವೆ ಸೋಲಿಸಲಾಗದ ವೈರಿ ಕುಳಿತಿರುವಾಗ, ಅವನ ಸುಂಕದಕಟ್ಟೆಯನ್ನು ಬಳಸಿ ಹೋಗುವ ದಾರಿಯೊಂದು ಕೈಗೆ ಸಿಕ್ಕಿದರೆ ಅದನ್ನು ರಾಜ್ಯವೇ ಪೋಷಿಸುವುದು ಸಹಜವಾಗಿದೆ.

ಆ ದಾರಿಯ ಕೊನೆಯಲ್ಲಿದ್ದುದು ಕೇರಳದ ಬಂದರು ಮುಚಿರಿ, ಗ್ರೀಕರ ಬಾಯಲ್ಲಿ ಮುಜಿರಿಸ್. ಪ್ರಾಚೀನ ತಮಿಳು ಸಂಕಲನವಾದ ಅಕನಾನೂರಿನ ಕವಿಯೊಬ್ಬನು ಯವನರ ನಾವೆಗಳು ಪೆರಿಯಾರ್ ನದಿಗೆ ಹೊನ್ನಿನೊಡನೆ ಬಂದು ಮೆಣಸಿನೊಡನೆ ಮರಳುವುದನ್ನು ಹಾಡಿರುವನು, ಕ್ರಿ.ಶ. ಮೊದಲ ಶತಮಾನದ ಅನಾಮಧೇಯ ನಾವಿಕನ 'ಪೆರಿಪ್ಲಸ್' ಅದನ್ನೇ ವ್ಯಾಪಾರಿಯ ಗದ್ಯದಲ್ಲಿ ಹೇಳುವುದು. ಅವನ ಪಟ್ಟಿಯಲ್ಲಿ ಬರುವ ಸರಕು ಇವು: ಮೊದಲಿಗೆ ಹೇರಳವಾದ ನಾಣ್ಯ, ಆಮೇಲೆ ಹವಳ, ಕಚ್ಚಾ ಗಾಜು, ತಾಮ್ರ, ತವರ, ಸೀಸ, ಸ್ವಲ್ಪ ದ್ರಾಕ್ಷಾರಸ, ಮತ್ತು ನಮ್ಮ ಅಕ್ಕಿ ಒಗ್ಗದ ಹಡಗಿನವರಿಗೆಂದು ಗೋಧಿ. ಹೋಗುವ ಸರಕಿನಲ್ಲಿ ಮೆಣಸು, ಮುತ್ತು, ದಂತ, ತಮಾಲಪತ್ರ, ರತ್ನಗಳು, ಅವುಗಳ ನಡುವೆ ಸದ್ದಿಲ್ಲದೆ ಒಂದು ಮಾತು: ಚೀನೀ ಬಟ್ಟೆ. ಕಾರೆಯ ಬಯಲಿನಲ್ಲಿ ಪತಾಕೆಯಾಗಿ ಹಾರಾಡಿ ರೋಮನರನ್ನು ಬೆರಗುಗೊಳಿಸಿದ ಆ ರೇಷ್ಮೆ, ಪಹ್ಲವರಿಗೆ ಒಂದು ಕಾಸೂ ಕೊಡದೆ ಪೆರಿಯಾರಿನ ಮುಖದಲ್ಲಿ ದೊರೆಯುತ್ತಿತ್ತು.

ಮೆಣಸಿನಲ್ಲಿ ಏನು ಕಂಡರೋ ಜನ ಎಂದು ಪ್ಲಿನಿ ಪಂಡಿತನು ಬೇಸರಪಟ್ಟಿರುವನು. ರೂಪವಿಲ್ಲ, ಮಾಧುರ್ಯವಿಲ್ಲ, ಬರಿಯ ಖಾರಕ್ಕಾಗಿ ಇಂಡಿಯದವರೆಗೆ ಹೋಗಬೇಕೆ ಎಂಬುದು ಅವನ ಆಕ್ಷೇಪ. ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ನಾಣ್ಯ ಭಾರತಕ್ಕೆ ಸೋರುತ್ತಿದೆಯೆಂಬ ಅವನ ಸಂಕಟವನ್ನು ಎಲ್ಲರೂ ಉದ್ಧರಿಸುವರು. ಆದರೆ ಸೋರಿದ್ದೆಲ್ಲ ನಷ್ಟವಾಗಿರಲಿಲ್ಲ. ವಿಯೆನ್ನಾದ ಗ್ರಂಥಾಲಯದಲ್ಲಿರುವ ಎರಡನೆಯ ಶತಮಾನದ ಪಪೈರಸ್ ಹಾಳೆಯೊಂದು, ಮುಜಿರಿಸಿನ ವ್ಯಾಪಾರಕ್ಕೆ ಎತ್ತಿದ ಸಾಲವನ್ನೂ 'ಹರ್ಮಪೊಲ್ಲೋನ್' ಎಂಬ ಹಡಗಿನ ಸರಕನ್ನೂ ದಾಖಲಿಸಿದೆ. ಆ ಒಂದು ಹಡಗಿನ ಸರಕಿನ ಬೆಲೆ ಸುಮಾರು 70 ಲಕ್ಷ ಸೆಸ್ಟರ್ಸ್. ಚಕ್ರವರ್ತಿಯ ಸುಂಕ ನೂರಕ್ಕೆ ಇಪ್ಪತ್ತೈದು. ಆ ಕಾಲದಲ್ಲಿ ಲೀಜನ್ನಿನ ಸಾಮಾನ್ಯ ಕಾಲಾಳಿನ ವೇತನ ವರ್ಷಕ್ಕೆ 1,200 ಸೆಸ್ಟರ್ಸ್, ಐದು ಸಾವಿರ ಮಂದಿಯ ದಳಕ್ಕೆ 60 ಲಕ್ಷ. ಹಾಗಾದರೆ ಇಂಥ ಮೂರು ನಾಲ್ಕು ಹಡಗುಗಳ ಸುಂಕ ಯೂಫ್ರಟೀಸ್ ದಡದಲ್ಲಿ ಪಹ್ಲವರ ಎದುರು ನಿಂತ ಒಂದು ಲೀಜನ್ನಿಗೆ ವರ್ಷದ ಸಂಬಳವಾಗುತ್ತಿತ್ತು. ವಯನಾಡಿನಲ್ಲೋ ಇಡುಕ್ಕಿಯಲ್ಲೋ ಏಣಿ ಹತ್ತಿ ಕರೆ ಕೊಯ್ಯುತ್ತಿದ್ದವನಿಗೆ ಆ ವಾರ್ತೆ ಎಂದೂ ತಲಪಿರಲಾರದು.

ಮುಚಿರಿ ಎಲ್ಲಿತ್ತೆಂಬುದರಲ್ಲಿ ವಿದ್ವಾಂಸರಿಗೆ ಇನ್ನೂ ಏಕಾಭಿಪ್ರಾಯವಿಲ್ಲ. ಕೊಡುಂಗಲ್ಲೂರೆಂದು ಹಳಬರು ನಂಬಿದ್ದರು. ಕೊಚ್ಚಿಯಿಂದ ಉತ್ತರಕ್ಕೆ ಪರವೂರಿನ ಬಳಿಯ ಪಟ್ಟಣಂ ಗ್ರಾಮದಲ್ಲಿ ಕೇರಳ ಇತಿಹಾಸ ಸಂಶೋಧನಾ ಪರಿಷತ್ತು 2007ರಿಂದ ನಡೆಸಿದ ಉತ್ಖನನದ ಬಳಿಕ ಅನೇಕರ ದೃಷ್ಟಿ ಅತ್ತ ಹೊರಳಿತು. ಉಳ್ಳೂರಿನಿಂದ ಒಂದು ದಿನ ಅಲ್ಲಿಗೆ ಹೋದೆ. ನೋಡುವುದಕ್ಕೆ ಏನೂ ಇಲ್ಲ: ತೆಂಗಿನ ತೋಟ, ಅಂಗಳದಲ್ಲಿ ಬಟ್ಟೆ ಒಣಹಾಕಿದ ಮನೆಗಳು, ಮುಚ್ಚಿದ ಗುಂಡಿಗಳ ಮೇಲೆ ಹುಲ್ಲು. ಆದರೆ ಆ ಹುಲ್ಲಿನ ಕೆಳಗಿನಿಂದ ಬಂದುದು ಆರು ಮೀಟರ್ ಉದ್ದದ ದೋಣಿ, ಅದನ್ನು ಕಟ್ಟುತ್ತಿದ್ದ ಮರದ ಗೂಟಗಳು, ಇಟ್ಟಿಗೆಯ ಕಟ್ಟಡ, ಮಣಿಗಳು, ಮತ್ತು ಇಟಲಿಯಿಂದಲೂ ಮೆಡಿಟರೇನಿಯನ್ನಿನ ದ್ವೀಪಗಳಿಂದಲೂ ಮದ್ಯ, ಎಣ್ಣೆಗಳನ್ನು ತುಂಬಿ ಬಂದ ಆಂಫೋರಾ ಕೊಡಗಳ ಸಾವಿರಾರು ಚೂರುಗಳು.

ನನ್ನನ್ನು ಹಿಡಿದು ನಿಲ್ಲಿಸಿದುದು ಇನ್ನೊಂದು ಬಗೆಯ ಚೂರು. ಒಳಮೈಗೆ ಕೀಲು ಬಳಿದ, ನೀಳವಾದ, ತಳ ಚೂಪಾದ ಭಾಂಡಗಳವು. ಹಸುರುನೀಲಿ ಮೆರುಗಿನ ಪಾತ್ರೆಗಳೂ ಅವುಗಳೊಡನೆ ದೊರೆತಿವೆ. ಎರಡೂ ಮೆಸಪೊಟೇಮಿಯದವು, ಎಂದರೆ ಪಹ್ಲವರ ಮತ್ತು ಅವರ ಉತ್ತರಾಧಿಕಾರಿಗಳ ನೆಲದವು. ತಿರುವನಂತಪುರದ ದಕ್ಷಿಣಕ್ಕಿರುವ ವಿಳಿಂಞಂನಲ್ಲಿಯೂ ಇಂಥವು ಸಿಕ್ಕಿವೆ. ಯೂಫ್ರಟೀಸಿನ ಎರಡು ದಡಗಳಲ್ಲಿ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದವರ ಕೊಡಗಳು ಪೆರಿಯಾರಿನ ಒಂದೇ ದಡದಲ್ಲಿ ಒಡೆದು ಒಂದೇ ಮಣ್ಣಿನಲ್ಲಿ ಬೆರೆತಿವೆ. ಆ ನಾಡನ್ನು ಆಳುತ್ತಿದ್ದ ಚೇರ ಅರಸನಿಗೆ ಯಾರ ಪಕ್ಷವೂ ಇರಲಿಲ್ಲ, ಇಬ್ಬರೂ ಗಿರಾಕಿಗಳು. ನಮ್ಮವರ ಈ ನಿರ್ಲಿಪ್ತತೆ ನಾಸಿಕದ ಗುಹಾಶಾಸನದಲ್ಲಿಯೂ ಬೇರೆ ರೀತಿಯಲ್ಲಿ ತೋರುವುದು: ಗೌತಮೀಪುತ್ರ ಶಾತಕರ್ಣಿಯನ್ನು ಹೊಗಳುವಾಗ ಅವನ ತಾಯಿ ಶಕರನ್ನೂ ಯವನರನ್ನೂ ಪಹ್ಲವರನ್ನೂ ಒಂದೇ ಸಮಾಸದಲ್ಲಿ ಕಟ್ಟಿ ಹಾಕಿರುವಳು.

ಮಧ್ಯಯುಗದ ಪ್ರತಿಯಾಗಿ ಉಳಿದಿರುವ ರೋಮನ್ ಮಾರ್ಗನಕ್ಷೆಯೊಂದರಲ್ಲಿ ಮುಜಿರಿಸಿನ ಪಕ್ಕದಲ್ಲಿ ಆಗಸ್ಟಸನ ದೇವಾಲಯವನ್ನು ಬರೆದಿದ್ದಾರೆ. ಇಷ್ಟನ್ನೇ ಹಿಡಿದು, ಅದನ್ನು ಕಾಯಲು ಎರಡು ರೋಮನ್ ಪಡೆಗಳಿದ್ದುವೆಂದು ಹಿಂದಿನ ಕೆಲವು ಗ್ರಂಥಕಾರರು ಬರೆದುಬಿಟ್ಟರು. ಅದಕ್ಕೆ ಆಧಾರವಿಲ್ಲ. ಕಾವಲು ಬೇಕಾಗಿದ್ದುದು ಹಡಗುಗಳಿಗೆ, ಅದೂ ನಮ್ಮವರಿಂದ! ಮುಜಿರಿಸ್ ಇಳಿಯಲು ಯೋಗ್ಯವಲ್ಲ, ಸಮೀಪದ ನೈಟ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರಿದ್ದಾರೆ ಎಂದು ಪ್ಲಿನಿ ಎಚ್ಚರಿಸಿರುವನು. ಆ ಹೆಸರಿನಲ್ಲಿ ನೇತ್ರಾವತಿಯನ್ನೂ ಮಂಗಳೂರನ್ನೂ ಗುರುತಿಸಿದವರು ಹಲವರು. ಕರಾವಳಿಯವನಾದ ನಾನು ಈ ಖ್ಯಾತಿಯನ್ನು ಪೂರ್ತಿ ನಿರಾಕರಿಸಲು ಇಚ್ಛಿಸುವುದಿಲ್ಲ.

ಈಜಿಪ್ಟಿನ ಆಕ್ಸಿರಿಂಕಸಿನ ತಿಪ್ಪೆಯಿಂದ ಬಂದು 1903ರಲ್ಲಿ ಪ್ರಕಟವಾದ ಗ್ರೀಕ್ ಪ್ರಹಸನವೂ ಇದೇ ಭಯದ ಕೂಸು. ಖಾರಿಟಿಯೋನ್ ಎಂಬ ಗ್ರೀಕ್ ಕನ್ಯೆ ಭಾರತದ ಕಡಲತಡಿಯ ಗುಡಿಯಲ್ಲಿ ಸೆರೆಯಾಗಿರುವಳು. ಅವಳ ಸೋದರನು ಬಂದು ಅಲ್ಲಿಯ ಅರಸನಿಗೂ ಪರಿವಾರಕ್ಕೂ ನೀರು ಬೆರೆಸದ ಮದ್ಯವನ್ನು ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುವನು. ಆ ಅರಸನ ಬಾಯಿಂದ ಬರುವ ಅನ್ಯಭಾಷೆಯ ಮಾತುಗಳು ಕನ್ನಡವೆಂದು ವಿದ್ವಾಂಸ ಹುಲ್ಟ್ಸ್ ಮೊದಲು ಊಹಿಸಿದನು, ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಅದನ್ನು ಬೆಳೆಸಿದರು. ತುಳುವೆಂದವರೂ ಇದ್ದಾರೆ, ಬರಿಯ ಗಲಿಬಿಲಿಯ ಶಬ್ದವೆಂದವರೂ ಇದ್ದಾರೆ. ವಾದ ಏನೇ ಇರಲಿ, ಪ್ರಹಸನದ ಕಥಾಬೀಜ ಯೂರಿಪಿಡೀಸನ ಇಫಿಜೀನಿಯ ನಾಟಕದ ಅಣಕ. ಅರ್ಮೇನಿಯದಲ್ಲಿ ರೋಮನ್ ಸೇನಾನಿಯ ತಲೆಯನ್ನು ಹಿಡಿದು ಹಾಡಿದುದು ಯಾರ ಮಾತುಗಳನ್ನೋ ಆ ಕವಿಯನ್ನೇ ಇಲ್ಲಿ ನಮ್ಮ ದೊರೆಯೊಬ್ಬನನ್ನು ಕುಡಿಸಿ ಕುಣಿಸಲು ಬಳಸಿಕೊಂಡಿರುವರು.

ಕನ್ನಡ ನಾಡಿನ ಒಳಭಾಗಕ್ಕೂ ಈ ಹೊನ್ನು ಬೆಳ್ಳಿಗಳು ಹರಿದುವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆಗಸ್ಟಸ್, ತೈಬೀರಿಯಸರ ದಿನಾರಿ ಎಂಬ ಬೆಳ್ಳಿ ನಾಣ್ಯಗಳು ದೊರೆತುವು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163, ವಿಮಾನ ಕಾರ್ಖಾನೆಯ ನಿಲ್ದಾಣದ ನೆಲದಲ್ಲಿ 1965ರಲ್ಲಿ 256. ಕ್ರಿ.ಶ. 64ರಲ್ಲಿ ನೀರೋ ಬೆಳ್ಳಿಗೆ ಕಲಬೆರಕೆ ಮಾಡಿದ ಬಳಿಕದ ದಿನಾರಿಗಳು ನಮ್ಮ ನಿಧಿಗಳಲ್ಲಿ ತೀರ ವಿರಳ. ಉಗುರಿನಿಂದ ತಟ್ಟಿ ನಾದ ಕೇಳುವ ನಮ್ಮ ಶೆಟ್ಟರ ಪೂರ್ವಜರು ರೋಮಿನ ಚಕ್ರವರ್ತಿಯನ್ನು ಒಂದೇ ತಟ್ಟಿಗೆ ಅಳೆದು ಬಿಟ್ಟಿದ್ದರೆಂದು ತೋರುವುದು.

ಅತ್ತ ಯುದ್ಧರಂಗದಲ್ಲಿ, ಕ್ರಿ.ಶ. 116ರಲ್ಲಿ ಟ್ರಾಜನ್ ಚಕ್ರವರ್ತಿ ಪಹ್ಲವರ ರಾಜಧಾನಿ ಕ್ಟೆಸಿಫೋನನ್ನು ಹಿಡಿದು ಪರ್ಷಿಯದ ಕೊಲ್ಲಿಯ ತುದಿಯವರೆಗೆ ಬಂದನು. ಅಲ್ಲಿ ಭಾರತಕ್ಕೆ ಹೊರಟ ಹಡಗೊಂದನ್ನು ಕಂಡು, ತಾನು ಇನ್ನೂ ಯುವಕನಾಗಿದ್ದರೆ ಅಲ್ಲಿಗೂ ಹೋಗುತ್ತಿದ್ದೆನಲ್ಲ ಎಂದು ಹಲುಬಿದನಂತೆ. ವರ್ಷ ತುಂಬುವುದರೊಳಗೆ ಗೆದ್ದ ನಾಡು ದಂಗೆಯೆದ್ದಿತು. 117ರಲ್ಲಿ ಹಿಂದಿರುಗುವ ದಾರಿಯಲ್ಲಿ ಅವನೂ ತೀರಿಕೊಂಡನು. ಉತ್ತರಾಧಿಕಾರಿ ಹೇಡ್ರಿಯನ್ ಗೆದ್ದುದನ್ನೆಲ್ಲ ಬಿಟ್ಟುಕೊಟ್ಟನು. ಆ ಹಡಗಾದರೋ ಮುಂಗಾರು ಹಿಡಿದು ತನ್ನ ಪಾಡಿಗೆ ಬಂದಿರಬೇಕು.

ಮುಂದಿನದು ಬೇಗನೆ ಹೇಳಬಹುದಾದ ಕಥೆ. ಕ್ರಿ.ಶ. 165ರ ಸುಮಾರಿಗೆ ಪಾರ್ಥಿಯದ ದಂಡಯಾತ್ರೆಯಿಂದ ಮರಳಿದ ಸೈನಿಕರು ಮಹಾಮಾರಿಯನ್ನು ತಂದರು. 217ರಲ್ಲಿ ಕಾರಕಾಲ ಚಕ್ರವರ್ತಿ ಅದೇ ಕಾರೆಯ ಬಳಿ ತನ್ನ ಕಾವಲಿನವನಿಂದಲೇ ಹತನಾದನು. 224ರಲ್ಲಿ ಪಹ್ಲವರನ್ನು ಅಳಿಸಿ ಸಸ್ಸಾನಿಗಳು ಎದ್ದರು. 260ರಲ್ಲಿ ಕಾರೆಗೆ ಅನತಿದೂರದ ಎಡೆಸ್ಸಾದಲ್ಲಿ ವಲೇರಿಯನ್ ಚಕ್ರವರ್ತಿ ಜೀವಂತವಾಗಿ ಸಸ್ಸಾನಿ ದೊರೆ ಶಾಪುರನ ಸೆರೆ ಸಿಕ್ಕಿದನು. ಇರಾನಿನ ನಕ್ಷ್-ಎ-ರುಸ್ತುಮ್ ಬಂಡೆಯಲ್ಲಿ ಕುದುರೆಯ ಮೇಲೆ ಶಾಪುರನೂ ಎದುರಿಗೆ ತಗ್ಗಿದ ರೋಮನರೂ ಇಂದಿಗೂ ಇದ್ದಾರೆ.

ಪಟ್ಟಣಂನಿಂದ ಉಳ್ಳೂರಿಗೆ ಮರಳುವ ರೈಲು ಕೋಟ್ಟಯಂ, ಕೊಲ್ಲಂಗಳ ಮೂಲಕ ಬರುವುದು. ಕೋಟ್ಟಯಂನ ವಲಿಯಪಳ್ಳಿ ಇಗರ್ಜಿಯಲ್ಲಿ ಕಲ್ಲಿನ ಶಿಲುಬೆಗಳ ಸುತ್ತ ಪಹ್ಲವಿ ಲಿಪಿಯ ಬರೆಹವಿದೆ. ರೋಮನರ ಹೊನ್ನು ನಮ್ಮಲ್ಲಿ ಮಣ್ಣಿನಡಿ ಉಳಿಯಿತು, ಅವರ ವೈರಿಯ ಅಕ್ಷರ ಇಗರ್ಜಿಯ ಗೋಡೆಯ ಮೇಲೆ. ಕೊಲ್ಲಂನ ತಾಮ್ರಶಾಸನ ಇನ್ನೂ ಕುತೂಹಲಕರ. ಕ್ರಿ.ಶ. 849ರಲ್ಲಿ ಸ್ಥಾಣು ರವಿಯ ಆಳ್ವಿಕೆಯಲ್ಲಿ ವೇಣಾಡಿನ ಅಯ್ಯನಡಿಗಳು ತರಿಸಾಪಳ್ಳಿಗೆ ಕೊಟ್ಟ ಆ ಶಾಸನದ ಕೊನೆಯಲ್ಲಿ ಸಾಕ್ಷಿಗಳು ಅರಬ್ಬಿಯಲ್ಲಿ, ಪಹ್ಲವಿಯಲ್ಲಿ, ಹೀಬ್ರೂ ಲಿಪಿಯಲ್ಲಿ ರುಜು ಹಾಕಿದ್ದಾರೆ. ಪಳ್ಳಿಯನ್ನು ಕಟ್ಟಿಸಿದವನ ಹೆಸರು ಮಾರ್ ಸಾಪೀರ್ ಈಶೋ. ಸಾಪೀರ್ ಎಂದರೆ ಶಾಪುರ. ರೋಮಿನ ಚಕ್ರವರ್ತಿಯನ್ನು ಸೆರೆಹಿಡಿದವನ ಹೆಸರಿನ ಈ ಮನುಷ್ಯನ ಪಳ್ಳಿಗೆ ವೇಣಾಡಿನ ದೊರೆ ವಹಿಸಿಕೊಟ್ಟುದು ಆ ಪೇಟೆಯ ತಕ್ಕಡಿ ಮತ್ತು ತೂಕದ ಕಲ್ಲುಗಳನ್ನು.